ಸಮಾವೇಶದ ಮಾತು ಮನೆಯಂಗಳಕ್ಕೆ: ವಿಶೇಷ ಚೇತನ ಶಿಶುಗಳ ಪಾಲನೆ

(ಶಾಖಾಮಠದ ಆರಾಧನಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಪೂರ್ಣಪಾಠ)

 

ಮಗು ಜನಿಸಿದ ಮನೆಯಲ್ಲಿ ಸಂಸ್ಕಾರಗಳು ಒಂದರ ಬೆನ್ನಿಗೊಂದು ಬರುತ್ತವೆ. ನಾಮಕರಣ, ತೊಟ್ಟಿಲ ಸಂಭ್ರಮ. ಬಳಿಕ ಮಗುವನ್ನು ಮನೆಯಿಂದ ಹೊರತಂದು ಸೂರ್ಯದರ್ಶನ ಮಾಡಿಸುವ ನಿಷ್ಕ್ರಮಣ. ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನ. ಮುಂದೆ ಚೌಲ, ಅಕ್ಷರಾಭ್ಯಾಸ. ಮಗುವಿನ ಬೆಳವಣಿಗೆಯನ್ನು ಹೆಜ್ಜೆ ಹೆಜ್ಜೆಗೂ ಗಮನಿಸಿ, ಆಯಾ ಹಂತವನ್ನು ಭಗವಂತನಿಗೆ ಸಮರ್ಪಿಸಬೇಕೆಂಬ ಹಿರಿಯರ ದೃಷ್ಟಿ ಇವುಗಳಲ್ಲಿ ಕಾಣುತ್ತದೆ. ಆದರೆ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಅನ್ನಪ್ರಾಶನದ ದಿನವೂ ಕತ್ತು ನಿಲ್ಲದ ಮಗುವಿದೆ; ಚೌಲದ ವೇಳೆಗೂ ‘ಅಮ್ಮಾ’ ಎಂದು ಕರೆಯದ ಮಗುವಿದೆ. ಅಂತಹ ಮಗುವಿನ ಮನೆಯಲ್ಲಿ ಸಂಭ್ರಮದ ನಡುವೆಯೇ ಒಂದು ಮೌನ ಬಂದು ಕೂರುತ್ತದೆ. ಬಂಧುಗಳು ಕಂಡೂ ಕಾಣದಂತಿರುತ್ತಾರೆ. ತಾಯಿ ಕೇಳಲಾರದೆ ಕೇಳುತ್ತಾಳೆ. ತಂದೆ ‘ನೋಡೋಣ’ ಎನ್ನುತ್ತಾನೆ. ಆ ಮೌನದಲ್ಲಿ ಕಳೆದುಹೋಗುವ ತಿಂಗಳುಗಳ ಬೆಲೆ ಎಷ್ಟೆಂಬುದನ್ನು ತಿಳಿಯುವುದೇ ಈ ಉಪನ್ಯಾಸದ ಉದ್ದೇಶ.

ಈ ವಿಷಯವನ್ನು ಜಗತ್ತಿನ ರಾಷ್ಟ್ರಗಳು ಸಮಾವೇಶ ಸೇರಿ ಚಿಂತಿಸಲು ತೊಡಗಿ ಕೆಲವು ದಶಕಗಳಾಗಿವೆ. 1981ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಆಚರಿಸಿತು. 1990ರ ಮಾರ್ಚ್ ತಿಂಗಳಲ್ಲಿ ಥಾಯ್ಲೆಂಡಿನ ಜೋಮ್ಟಿಯನ್ನಿನಲ್ಲಿ ನಡೆದ ‘ಎಲ್ಲರಿಗೂ ಶಿಕ್ಷಣ’ ಸಮಾವೇಶವು, ಕಲಿಕೆಯು ಶಾಲೆಯ ಬಾಗಿಲಲ್ಲಿ ಅಲ್ಲ, ಹುಟ್ಟಿನಿಂದಲೇ ಆರಂಭವಾಗುತ್ತದೆಂದು ಘೋಷಿಸಿತು. 1994ರ ಜೂನ್‌ನಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ 92 ಸರ್ಕಾರಗಳ ಹಾಗೂ 25 ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳು ಸೇರಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲಿಯೇ ಸ್ಥಾನವಿರಬೇಕೆಂದು ಒಪ್ಪಿದರು. 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆಯು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರ ಅಕ್ಟೋಬರ್‌ನಲ್ಲಿ ಅದನ್ನು ಅನುಮೋದಿಸಿತು. ಶೈಶವದ ಪಾಲನೆ ಮತ್ತು ಶಿಕ್ಷಣವನ್ನೇ ಮುಖ್ಯ ವಿಷಯವಾಗಿಸಿಕೊಂಡು ಯುನೆಸ್ಕೋ ಸಂಸ್ಥೆಯು 2010ರಲ್ಲಿ ಮಾಸ್ಕೋದಲ್ಲಿಯೂ 2022ರಲ್ಲಿ ತಾಷ್ಕೆಂಟಿನಲ್ಲಿಯೂ ವಿಶ್ವ ಸಮಾವೇಶಗಳನ್ನು ನಡೆಸಿತು.

ದೂರದ ನಗರಗಳ ಈ ಸಮಾವೇಶಗಳಿಗೂ ಮುಂಬಯಿಯ ಮಾಟುಂಗಾದ, ಚೆನ್ನೈನ ಮಾಂಬಲದ, ದೆಹಲಿಯ ಕರೋಲ್‌ಬಾಗಿನ ಒಂದು ಮನೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. 2006ರ ಒಡಂಬಡಿಕೆಯ 23ನೆಯ ವಿಧಿಯು, ಅಂಗವೈಕಲ್ಯವುಳ್ಳ ಮಗುವನ್ನು ಬಚ್ಚಿಡುವುದು, ತ್ಯಜಿಸುವುದು, ಕಡೆಗಣಿಸುವುದು, ಬೇರ್ಪಡಿಸುವುದು ಇವುಗಳನ್ನು ತಡೆಯಲು ಕುಟುಂಬಕ್ಕೆ ಆದಷ್ಟು ಬೇಗನೆ ಮಾಹಿತಿ, ಸೇವೆ ಹಾಗೂ ಆಸರೆ ದೊರೆಯಬೇಕೆಂದು ವಿಧಿಸುತ್ತದೆ. ‘ಬಚ್ಚಿಡುವುದು’ ಎಂಬ ಪದ ಆ ಪಟ್ಟಿಯಲ್ಲಿ ಮೊದಲಿಗೇ ಬಂದಿದೆ. ನೂರಾರು ದೇಶಗಳ ಅನುಭವದಿಂದ ಹುಟ್ಟಿದ ಪದವದು. ಅತಿಥಿಗಳು ಬಂದಾಗ ಮಗುವನ್ನು ಒಳಕೋಣೆಗೆ ಕರೆದೊಯ್ಯುವ ಮನೆಗಳು ಯಾವ ಒಂದು ದೇಶದ, ಯಾವ ಒಂದು ಮತದ ಸೊತ್ತೂ ಅಲ್ಲ. ದೊಡ್ಡ ಮಗಳ ಮದುವೆಗೆ ತೊಡಕಾದೀತೆಂಬ ಭಯ, ವಂಶದಲ್ಲಿ ದೋಷವಿದೆಯೆಂದು ಜನ ಆಡಿಕೊಂಡಾರೆಂಬ ಸಂಕೋಚ, ಇವೆರಡೂ ಆ ಕೋಣೆಯ ಬಾಗಿಲಿಗೆ ಅಗಳಿ ಹಾಕುತ್ತವೆ. ಒಡಂಬಡಿಕೆಯ ಆ ವಿಧಿ ನೇರವಾಗಿ ಆ ಬಾಗಿಲನ್ನೇ ತಟ್ಟುತ್ತದೆ.

ಒಂದು ನಿದರ್ಶನವನ್ನು ಮುಂಬಯಿಯಿಂದಲೇ ತೆಗೆದುಕೊಳ್ಳಬಹುದು. 1966ರಲ್ಲಿ ಜನಿಸಿದ ಮಾಲಿನಿ ಚಿಬ್ ಎಂಬ ಹೆಣ್ಣುಮಗುವಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಅಂದರೆ ಮೆದುಳಿಗೆ ಆದ ಘಾತದಿಂದ ಕೈಕಾಲುಗಳ ಮೇಲೆ, ಮಾತಿನ ಮೇಲೆ ಹಿಡಿತ ಸಿಗದ ಸ್ಥಿತಿ. ತಾಯಿ ಮಿಥು ಅಲೂರ್ ಅವರು ಮಗಳನ್ನು ಇಂಗ್ಲೆಂಡಿಗೆ ಕರೆದೊಯ್ದರು. ದೇಹ ಮಾತು ಕೇಳದಿದ್ದರೂ ಬುದ್ಧಿಗೆ ಕುಂದಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು. ಮರಳಿ ಬಂದ ಆ ತಾಯಿ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂದೆ ಅದು ಅಡಾಪ್ಟ್ ಎಂಬ ಹೆಸರು ಪಡೆಯಿತು. ಮಾಲಿನಿಯವರು ಮುಂಬಯಿಯಲ್ಲಿ ಪದವಿಯನ್ನೂ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಪಡೆದು, ಒಂದೇ ಕಿರುಬೆರಳಿನಿಂದ ಅಕ್ಷರಗಳನ್ನು ಒತ್ತಿ ತಮ್ಮ ಆತ್ಮಕಥನವನ್ನು ಬರೆದರು. ಇಂಗ್ಲೆಂಡಿಗೆ ಹೋಗುವ ಅನುಕೂಲ ಎಲ್ಲರಿಗೂ ಇರಲಿಲ್ಲ, ನಿಜ. ಆದರೆ ಇಲ್ಲಿ ಗಮನಿಸಬೇಕಾದುದು ಅನುಕೂಲವನ್ನಲ್ಲ, ಕಾಲವನ್ನು. ಮಗು ಚಿಕ್ಕದಿರುವಾಗಲೇ ಆ ಕುಟುಂಬ ಹೊರಟಿತು.

ಚಿಕ್ಕ ವಯಸ್ಸಿಗೇ ಏಕೆ ಇಷ್ಟು ಮಹತ್ವ? ಹುಟ್ಟಿದ ಶಿಶುವಿನ ಮೆದುಳು ಮೊದಲ ಎರಡು ವರ್ಷಗಳಲ್ಲಿಯೇ ವಯಸ್ಕರ ಮೆದುಳಿನ ಗಾತ್ರದ ಸುಮಾರು ಶೇ. 80ರಷ್ಟಕ್ಕೆ ಬೆಳೆದುಬಿಡುತ್ತದೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು, ಎತ್ತಿಕೊಂಡವರ ಮುಖ, ಕರೆದವರ ದನಿ, ಇವೆಲ್ಲ ನರಕೋಶಗಳ ನಡುವೆ ಹಾದಿಗಳನ್ನು ಹಾಕುತ್ತವೆ. ಬಳಸಿದ ಹಾದಿ ಗಟ್ಟಿಯಾಗುತ್ತದೆ. ಬಳಸದ ಹಾದಿ ಮುಚ್ಚಿಹೋಗುತ್ತದೆ. ಹಸಿ ಮಣ್ಣನ್ನು ತಿದ್ದುವ ಸುಲಭ ಸುಟ್ಟ ಮಡಕೆಗಿಲ್ಲ. ಶ್ರವಣದೋಷವು ಇದಕ್ಕೆ ಸ್ಪಷ್ಟ ಉದಾಹರಣೆ. ಹುಟ್ಟಿದ 1 ತಿಂಗಳೊಳಗೆ ಕಿವಿಯ ಪರೀಕ್ಷೆ, 3 ತಿಂಗಳೊಳಗೆ ದೋಷದ ನಿರ್ಧಾರ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿಯ ಆರಂಭ ಎಂಬ ಗುರಿಯನ್ನು ತಜ್ಞರು ಇಟ್ಟುಕೊಂಡಿದ್ದಾರೆ. ನವಜಾತ ಶಿಶುವಿನ ಕಿವಿಯ ಪ್ರಾಥಮಿಕ ತಪಾಸಣೆಗೆ ಕೆಲವೇ ನಿಮಿಷ ಸಾಕು. ಸೂಜಿಯಿಲ್ಲ, ನೋವಿಲ್ಲ, ಮಗು ನಿದ್ರಿಸುತ್ತಿರುವಾಗಲೇ ಮುಗಿಯುತ್ತದೆ. ಆ ಕೆಲವು ನಿಮಿಷಗಳು ತಪ್ಪಿದರೆ, ಮಗು ಮೂರು ವರ್ಷ ತುಂಬಿದರೂ ಮಾತನಾಡದಿದ್ದಾಗ ಮಾತ್ರ ಮನೆಯವರಿಗೆ ಸಂಶಯ ಬರುತ್ತದೆ. ಅಷ್ಟರಲ್ಲಿ ಭಾಷೆಯನ್ನು ಸಹಜವಾಗಿ ಹೀರಿಕೊಳ್ಳುವ ಅಮೂಲ್ಯ ಕಾಲ ಬಹುಪಾಲು ಕಳೆದಿರುತ್ತದೆ.

ಹಾಗಾದರೆ ಮನೆಯವರು ಏನನ್ನು ಗಮನಿಸಬೇಕು? ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಎರಡು ತಿಂಗಳ ಹೊತ್ತಿಗೆ ಮಗು ಮುಖ ನೋಡಿ ನಗಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ತಿರುಗಬೇಕು, ಕೈಬೀಸಿ ‘ಟಾಟಾ’ ಮಾಡಬೇಕು, ಬೇಕಾದುದನ್ನು ಬೆರಳಿನಿಂದ ತೋರಿಸಲು ತೊಡಗಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ಕೆಲವು ಪದಗಳನ್ನಾದರೂ ಆಡಬೇಕು. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. ಇವುಗಳಲ್ಲಿ ಒಂದೆರಡು ವಾರ ಹೆಚ್ಚುಕಡಿಮೆಯಾದರೆ ಗಾಬರಿ ಬೇಡ. ಆದರೆ ಹಂತವೇ ತಪ್ಪಿದರೆ ಕಾಯುತ್ತ ಕೂರಬಾರದು. ಬಂದ ಮಾತು, ಬಂದ ನಡೆ ಹಿಂದಕ್ಕೆ ಹೋದರಂತೂ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅವಧಿಗೆ ಮುನ್ನ ಹುಟ್ಟಿದ, ಹುಟ್ಟಿದ ಕೂಡಲೇ ಅಳದ, ತೀವ್ರ ಕಾಮಾಲೆಯಾಗಿದ್ದ, ಶಿಶುಗಳ ತುರ್ತು ನಿಗಾ ಘಟಕದಲ್ಲಿ ದಿನಗಳನ್ನು ಕಳೆದ ಮಕ್ಕಳನ್ನು ಎರಡು ವರ್ಷದವರೆಗಾದರೂ ತಜ್ಞರಿಗೆ ತಪ್ಪದೆ ತೋರಿಸುತ್ತಿರಬೇಕು.

ಇಲ್ಲಿ ಮನೆಯ ಹಿರಿಯರ ಪಾತ್ರ ದೊಡ್ಡದು. ಹತ್ತಾರು ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿಯ ಕಣ್ಣಿಗೆ ಮಗುವಿನ ನಡೆಯಲ್ಲಿನ ವ್ಯತ್ಯಾಸ ಎಲ್ಲರಿಗಿಂತ ಮೊದಲು ಕಾಣುತ್ತದೆ. ಆದರೆ ಅದೇ ಅಜ್ಜಿಯ ಬಾಯಲ್ಲಿ ಸಮಾಧಾನದ ಮಾತೂ ಮೊದಲು ಬರುತ್ತದೆ: ‘ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಗಂಡುಮಕ್ಕಳಿಗೆ ಮಾತು ತಡ, ಸುಮ್ಮನೆ ಗಾಬರಿಯಾಗಬೇಡವೇ.’ ಸೊಸೆಯ ಕಣ್ಣೀರು ಒರೆಸುವ ಅಕ್ಕರೆಯಿಂದಲೇ ಹುಟ್ಟಿದ ಮಾತದು. ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗಬಹುದು. ಆದರೆ ಯಾವ ಮಗುವಿನಲ್ಲಿ ನಿಜವಾದೀತು, ಯಾವ ಮಗುವಿನಲ್ಲಿ ಆಗದು ಎಂಬುದನ್ನು ತಪಾಸಣೆಯಿಲ್ಲದೆ ಹೇಳಲಾಗದು. ತಪಾಸಣೆ ಮಾಡಿಸಿ ಏನೂ ಇಲ್ಲವೆಂದು ತಿಳಿದರೆ ನಷ್ಟ ಅರ್ಧ ದಿನ. ಮಾಡಿಸದೆ ಕಾದು ಏನೋ ಇದೆಯೆಂದು ತಿಳಿದರೆ ನಷ್ಟ ಎರಡು ವರ್ಷ. ಈ ಲೆಕ್ಕವನ್ನು ಹಿರಿಯರೇ ಮನೆಯಲ್ಲಿ ಹೇಳಿದರೆ ಅದಕ್ಕೆ ಸಿಗುವ ಬೆಲೆಯೇ ಬೇರೆ. ‘ನಡೆ, ನಾನೂ ಜೊತೆಗೆ ಬರುತ್ತೇನೆ’ ಎಂದು ಅತ್ತೆ ಹೇಳಿದ ದಿನ ಸೊಸೆಗೆ ಅರ್ಧ ಭಾರ ಇಳಿಯುತ್ತದೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಇನ್ನೊಂದು ಪ್ರಶ್ನೆ ವಿಶೇಷವಾಗಿ ಎದುರಾಗುತ್ತದೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ, ಶಿಶುವಿಹಾರದಲ್ಲಿ ಇಂಗ್ಲಿಷ್. ಮಗುವಿಗೆ ಮಾತು ತಡವಾದೊಡನೆ ದೋಷ ಕನ್ನಡದ ಮೇಲೆ ಬೀಳುತ್ತದೆ; ‘ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ’ ಎಂಬ ಸಲಹೆ ಶಾಲೆಯಿಂದಲೋ ನೆರೆಯವರಿಂದಲೋ ಬರುತ್ತದೆ. ಹಲವು ಭಾಷೆಗಳ ನಡುವೆ ಬೆಳೆಯುವುದರಿಂದ ಮಾತಿನ ತೊಂದರೆ ಉಂಟಾಗುವುದಿಲ್ಲವೆಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ತಮ್ಮ ಶಕ್ತಿಗೆ ತಕ್ಕಂತೆ ಎರಡು ಭಾಷೆಗಳನ್ನು ಕಲಿಯಬಲ್ಲರು. ಮಗುವಿನ ಭಾಷೆ ಬೆಳೆಯುವುದು ತಾಯಿತಂದೆಯರು ಮನಸ್ಸು ಬಿಚ್ಚಿ, ತಡವರಿಸದೆ, ಭಾವ ತುಂಬಿ ಆಡುವ ಮಾತಿನಿಂದ. ಅಜ್ಜಿಯೊಡನೆ ಸಂಭಾಷಣೆಯ ಸೇತುವೆಯನ್ನೇ ಮುರಿದು, ಪುಸ್ತಕದ ಇಂಗ್ಲಿಷಿನ ನಾಲ್ಕು ಆಜ್ಞೆಗಳನ್ನು ಮಾತ್ರ ಮಗುವಿನ ಕಿವಿಗೆ ಹಾಕಿದರೆ ಮಗುವಿಗೆ ಲಾಭವಿಲ್ಲ. ತೊಟ್ಟಿಲ ಹಾಡು, ಕೈ ತಟ್ಟಿ ಹೇಳುವ ಕೃಷ್ಣನ ಬಾಲಲೀಲೆಯ ಪದಗಳು, ಸಂಜೆ ದೀಪ ಹಚ್ಚುವಾಗಿನ ದಾಸರ ಹಾಡುಗಳು, ಇವೆಲ್ಲವುಗಳಲ್ಲಿ ಮರುಕಳಿಸುವ ಪದವಿದೆ, ಲಯವಿದೆ, ಮುಖಾಮುಖಿ ನೋಟವಿದೆ. ಮಾತಿನ ತರಬೇತಿಗೆ ಬೇಕಾದುದೂ ಬಹುಪಾಲು ಇವೇ. ತರಬೇತುದಾರರ ಅರ್ಧ ಗಂಟೆಯ ಪಾಠವನ್ನು ಉಳಿದ ಇಪ್ಪತ್ತಮೂರೂವರೆ ಗಂಟೆ ಮುಂದುವರಿಸುವುದು ಮನೆಯೇ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ದಾರಿ ತೋರಿದ ಸಂಸ್ಥೆ. ಅದೇ ಊರಿನಲ್ಲಿ, ಶ್ರವಣದೋಷವುಳ್ಳ ಮಗುವಿನೊಡನೆ ತಾಯಿಯೂ ತರಗತಿಯಲ್ಲಿ ಕುಳಿತು ಕಲಿಯುವ ತಾಯಂದಿರ ಶಾಲೆಯೊಂದು ಬೆಳೆದುಬಂದಿದೆ. ಚೆನ್ನೈನಲ್ಲಿ 1989ರಲ್ಲಿ ಆರಂಭವಾದ ಮಧುರಂ ನಾರಾಯಣನ್ ಕೇಂದ್ರವು ಬೌದ್ಧಿಕ ವೈಕಲ್ಯವುಳ್ಳ ಎಳೆಯ ಮಕ್ಕಳಿಗಾಗಿ ನಡೆಸುವ ತರಬೇತಿ ಕ್ರಮಕ್ಕೆ ‘ಉಪನಯನ್’ ಎಂದೇ ಹೆಸರು. ಉಪನಯನವೆಂದರೆ ಸಮೀಪಕ್ಕೆ ಕರೆದೊಯ್ಯುವುದು. ಎಂಟು ವರ್ಷದ ವಟುವನ್ನು ಗುರುವಿನ ಬಳಿಗೆ ಕರೆದೊಯ್ಯುವಂತೆ, ಎಂಟು ತಿಂಗಳ ಶಿಶುವನ್ನು ಕಲಿಕೆಯ ಬಳಿಗೆ ಕೈಹಿಡಿದು ಕರೆದೊಯ್ಯುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇನ್ನು ಅತ್ಯಂತ ಸೂಕ್ಷ್ಮವಾದ ವಿಷಯ, ಕಾರಣ ಯಾರು ಎಂಬ ಪ್ರಶ್ನೆ. ಈ ಪ್ರಶ್ನೆ ಬಹಳ ಮನೆಗಳಲ್ಲಿ ತಾಯಿಯತ್ತಲೇ ಬೆರಳು ತೋರಿಸುತ್ತದೆ: ಗ್ರಹಣದ ದಿನ ಹೊರಗೆ ಬಂದಿದ್ದಳು, ಆಗ ಅದನ್ನು ತಿಂದಿದ್ದಳು, ಅವಳ ತವರಿನ ಕಡೆಯಲ್ಲಿ ಹೀಗೇ ಒಬ್ಬರಿದ್ದರು ಎಂದು. ಅವಧಿಗೆ ಮುನ್ನ ಜನನ, ಹೆರಿಗೆಯ ವೇಳೆ ಆಮ್ಲಜನಕದ ಕೊರತೆ, ಚಿಕಿತ್ಸೆಯಾಗದ ತೀವ್ರ ಕಾಮಾಲೆ, ಗರ್ಭಿಣಿಗೆ ತಗಲುವ ರುಬೆಲ್ಲಾದಂತಹ ಸೋಂಕು, ವಂಶವಾಹಿಗಳಲ್ಲಿನ ವ್ಯತ್ಯಾಸ, ಇವು ವೈದ್ಯರು ಕಂಡುಕೊಂಡ ಮುಖ್ಯ ಕಾರಣಗಳು. ಎಷ್ಟೋ ಮಕ್ಕಳಲ್ಲಿ ಕಾರಣ ಯಾವುದೆಂದು ಪತ್ತೆಯಾಗುವುದೇ ಇಲ್ಲ. ತಡೆಯಬಹುದಾದವುಗಳನ್ನು ತಡೆಯಬೇಕು: ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ, ಮದುವೆಗೆ ಮುಂಚೆಯೇ ರುಬೆಲ್ಲಾ ಲಸಿಕೆ, ಹಳದಿಯಾದ ಶಿಶುವನ್ನು ಬಿಸಿಲಿಗೆ ಹಿಡಿದು ಸುಮ್ಮನಿರದೆ ವೈದ್ಯರಲ್ಲಿಗೆ ಒಯ್ಯುವ ಎಚ್ಚರ.

ದಕ್ಷಿಣ ಭಾರತದ ಕುಟುಂಬಗಳಲ್ಲಿ ಸೋದರಿಕೆಯ ಸಂಬಂಧ ಹಳೆಯ ರೂಢಿ. ಅಕ್ಕನ ಮಗಳನ್ನು ತರುವುದು, ಅತ್ತೆಯ ಮಗನಿಗೆ ಕೊಡುವುದು ಮನೆತನಗಳನ್ನು ಬೆಸೆಯುವ ಪದ್ಧತಿಯಾಗಿತ್ತು. ಆದರೆ ಸೋದರಮಾವ ಮತ್ತು ಸೊಸೆಯ ನಡುವೆ ಸುಮಾರು ನಾಲ್ಕನೆಯ ಒಂದು ಪಾಲು, ಅತ್ತೆ-ಮಾವಂದಿರ ಮಕ್ಕಳ ನಡುವೆ ಸುಮಾರು ಎಂಟನೆಯ ಒಂದು ಪಾಲು ವಂಶವಾಹಿಗಳು ಸಮಾನವಾಗಿರುತ್ತವೆ. ಇಬ್ಬರಲ್ಲಿಯೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿ ಪ್ರಕಟವಾಗುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ಹುಟ್ಟು ಕಿವುಡುತನದ ಕೆಲವು ಬಗೆಗಳು ಹೀಗೆಯೇ ಬರುತ್ತವೆ. ಇಂತಹ ದಂಪತಿಗಳಲ್ಲಿ ಬಹುಪಾಲಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ, ಸಂಬಂಧವಿಲ್ಲದ ದಂಪತಿಗಳಿಗೂ ವಿಶೇಷ ಚೇತನ ಮಕ್ಕಳು ಹುಟ್ಟುತ್ತಾರೆ ಎಂಬುದೂ ಅಷ್ಟೇ ಸತ್ಯ. ಆದುದರಿಂದ ಆಗಿಹೋದ ವಿವಾಹವನ್ನು ಕುರಿತು ಯಾರನ್ನೂ ನೋಯಿಸಬೇಕಾಗಿಲ್ಲ. ಆಗಬೇಕಾದ ವಿವಾಹದ ಮಾತುಕತೆಯಲ್ಲಿ ಜಾತಕದ ಜೊತೆಗೆ ವೈದ್ಯರ ವಂಶವಾಹಿ ಸಮಾಲೋಚನೆಗೂ ಅರ್ಧ ದಿನ ಮೀಸಲಿಡುವುದು ವಿವೇಕ.

‘ಎಲ್ಲ ಪ್ರಾರಬ್ಧ’ ಎಂಬ ಮಾತನ್ನೂ ಇಲ್ಲಿ ವಿಚಾರಿಸಬೇಕು. ಕರ್ಮಸಿದ್ಧಾಂತವನ್ನು ನಂಬಿದ ಮನೆಯಲ್ಲಿ ಜ್ವರ ಬಂದಾಗ ಪ್ರಾರಬ್ಧವೆಂದು ಔಷಧ ಬಿಡುವವರಿಲ್ಲ. ಹಲ್ಲುನೋವಿಗೂ ವೈದ್ಯರ ಮನೆಯ ಮೆಟ್ಟಿಲು ಹತ್ತುತ್ತಾರೆ. ಮಗುವಿನ ವೈಕಲ್ಯದ ವಿಷಯದಲ್ಲಿ ಮಾತ್ರ ಆ ಪದ ಕೈಕಟ್ಟಿ ಕೂರಲು ನೆಪವಾಗಬಾರದು. ಜೀವಜೀವರಲ್ಲಿ ಭೇದವಿದೆ, ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಸ್ವರೂಪಯೋಗ್ಯತೆಯಿದೆ, ಪ್ರತಿಯೊಂದು ಜೀವದಲ್ಲಿಯೂ ಬಿಂಬರೂಪಿಯಾಗಿ ಶ್ರೀಹರಿಯಿದ್ದಾನೆ ಎಂದು ಶ್ರೀಮದಾಚಾರ್ಯರ ಸಿದ್ಧಾಂತ ಸಾರುತ್ತದೆ. ಅದನ್ನು ಕೇಳಿ ಬೆಳೆದ ಮನೆಯಲ್ಲಿ, ಒಂದು ಮಗು ಮತ್ತೊಂದು ಮಗುವಿನಂತಿಲ್ಲವೆಂಬ ಕಾರಣಕ್ಕೆ ಅದು ಕಡಿಮೆಯ ಮಗುವಾಗುವುದಾದರೂ ಹೇಗೆ? ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನು ತಂದೆಯ ಕೋಪದಿಂದ ಎಂಟು ಕಡೆ ಡೊಂಕಾಗಿ ಹುಟ್ಟಿದವನು. ಜನಕನ ಸಭೆಯ ದ್ವಾರಪಾಲಕನು ಅವನನ್ನು ಬಾಲಕನೆಂದು ತಡೆದನು. ಒಳಗೆ ಹೋದ ಆ ಬಾಲಕನೇ ಬಂದಿಯನ್ನು ವಾದದಲ್ಲಿ ಸೋಲಿಸಿ, ನೀರಿಗೆ ಪಾಲಾಗಿದ್ದ ತನ್ನ ತಂದೆಯನ್ನು ಮರಳಿ ಪಡೆದನು. ಪ್ರತಿಯೊಂದು ಮಗುವೂ ಅಷ್ಟಾವಕ್ರನಾಗಬೇಕೆಂದಿಲ್ಲ; ಸಭೆ ಗೆಲ್ಲದ ಮಗುವಿಗೂ ಸಭೆಯಲ್ಲಿ ಸ್ಥಾನವಿದೆ. ದ್ವಾರಪಾಲಕರ ಕೆಲಸ ಮಾತ್ರ ಬೇಡ.

ಇಷ್ಟು ಹೊತ್ತು ಮಗುವಿನ ಮಾತಾಯಿತು. ಮಗುವನ್ನು ಎತ್ತಿಕೊಂಡವರ ಮಾತು ಆಗಬೇಡವೇ? 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಪ್ರಕಟಿಸಿದ ಶಿಶುಪಾಲನೆಯ ಮಾರ್ಗಸೂತ್ರವು ಐದು ಅಂಗಗಳನ್ನು ಹೇಳುತ್ತದೆ: ಆರೋಗ್ಯ, ಪೋಷಣೆ, ಸುರಕ್ಷತೆ, ಆರಂಭಿಕ ಕಲಿಕೆ ಮತ್ತು ಮಗುವಿನ ಕರೆಗೆ ಓಗೊಡುವ ಆರೈಕೆ. ಈ ಕೊನೆಯ ಅಂಗವು ಔಷಧದ ಅಂಗಡಿಯಲ್ಲಿ ಸಿಗುವಂತಹುದಲ್ಲ. ಅದು ಆರೈಕೆ ಮಾಡುವವರ ಮೈಮನಸ್ಸುಗಳಿಂದ ಬರಬೇಕು. ನಸುಕಿಗೆ ಎದ್ದು, ಅಡುಗೆ ಮುಗಿಸಿ, ಮಗುವನ್ನು ಲೋಕಲ್ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಎತ್ತಿಕೊಂಡು ತರಬೇತಿಗೆ ಹೋಗಿ, ಬಂದು, ಊಟ ಮಾಡಿಸಿ, ರಾತ್ರಿ ನಾಲ್ಕು ಬಾರಿ ಎದ್ದು, ಮರುದಿನ ಮತ್ತೆ ಅದೇ ಕ್ರಮವನ್ನು ವರ್ಷಗಟ್ಟಲೆ ನಡೆಸುವ ತಾಯಿಗೆ ಬೆನ್ನುನೋವು, ನಿದ್ರಾಹೀನತೆ, ಖಿನ್ನತೆ ಬರುವುದು ಆಶ್ಚರ್ಯವಲ್ಲ. ‘ನೀನು ದೇವತೆ’ ಎಂಬ ಹೊಗಳಿಕೆ ಅವಳಿಗೆ ಬೇಕಿಲ್ಲ. ಎರಡು ಗಂಟೆಯ ನಿದ್ರೆ ಬೇಕು. ಮಗುವಿಗೆ ಊಟ ಮಾಡಿಸಲು ತಂದೆ ಕಲಿಯಬೇಕು, ಚಿಕ್ಕಪ್ಪ ಕಲಿಯಬೇಕು. ತರಬೇತಿಯ ದಿನ ಅರ್ಧ ರಜೆ ಹಾಕಿ ತಂದೆಯೇ ಹೋಗಬೇಕು. ಆ ಮಗುವಿನ ಅಕ್ಕನೋ ತಮ್ಮನೋ ‘ನೀನು ಜಾಣ, ನೀನು ಅರ್ಥಮಾಡಿಕೊಳ್ಳಬೇಕು’ ಎಂಬ ಮಾತನ್ನಷ್ಟೇ ಕೇಳುತ್ತ ಬೆಳೆಯಬಾರದು. ಅವರಿಗೂ ತಾಯಿತಂದೆಯರ ಸ್ವಂತ ವೇಳೆ ಸಿಗಬೇಕು.

ಕಾನೂನು ಮತ್ತು ಸೌಲಭ್ಯಗಳ ವಿಷಯವಾಗಿಯೂ ಕೆಲವು ಮಾತು ತಿಳಿದಿರಬೇಕು. 1995ರ ಕಾಯಿದೆಯು 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಅದನ್ನು 21ಕ್ಕೆ ಏರಿಸಿ, ಆಟಿಸಂ, ಕಲಿಕೆಯ ತೊಂದರೆ, ಥಲಸೇಮಿಯಾ ಮುಂತಾದವನ್ನೂ ಸೇರಿಸಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಈ ಕಾಯಿದೆ ನೀಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಹಾಗೂ ಜಿಲ್ಲಾ ಮಟ್ಟದ ಶೀಘ್ರ ನೆರವು ಕೇಂದ್ರಗಳ ವ್ಯವಸ್ಥೆ ರೂಪುಗೊಂಡಿತು. 2021ರ ಜೂನ್‌ನಲ್ಲಿ ಎಲ್ಲ ಬಗೆಯ ವೈಕಲ್ಯಗಳಿಗೂ ಒಂದೇ ಸೂರಿನಡಿ ನೆರವು ನೀಡುವ 14 ಕೇಂದ್ರಗಳನ್ನು ಕೇಂದ್ರ ಸರ್ಕಾರ ಆರಂಭಿಸಿತು. ಮುಂಬಯಿ, ಚೆನ್ನೈ, ಸಿಕಂದರಾಬಾದ್ ಮತ್ತು ದೆಹಲಿಯ ರಾಷ್ಟ್ರೀಯ ಸಂಸ್ಥೆಗಳು ಅವುಗಳಲ್ಲಿ ಸೇರಿವೆ. 2023ರ ನವೆಂಬರ್‌ನಲ್ಲಿ ಅಂಗನವಾಡಿಗಳಲ್ಲಿ ವಿಶೇಷ ಚೇತನ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕಾರ್ಯವಿಧಾನವೂ ಹೊರಬಂದಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯಿದ್ದು, ಶೇ. 40ರ ವೈಕಲ್ಯವುಳ್ಳ ಮಗುವಿನ ವಿಷಯದಲ್ಲಿ ಮಗುವಿನ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ. ಇಂತಹ ಮಗುವಿನ ತಾಯಿಯೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ, ಈ ರಜೆಯು ಕೃಪೆಯ ವಿಷಯವಲ್ಲ, ಮಹಿಳೆಯರು ದುಡಿಮೆಯಲ್ಲಿ ಸಮಾನವಾಗಿ ಪಾಲ್ಗೊಳ್ಳುವ ಸಂವಿಧಾನದ ಆಶಯಕ್ಕೆ ಸೇರಿದುದು ಎಂಬರ್ಥದ ಮಾತನ್ನು ಹೇಳಿತು.

ಎಲ್ಲ ತಾಯಿತಂದೆಯರ ಎದೆಯಲ್ಲಿಯೂ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ‘ನಾವು ಹೋದ ಮೇಲೆ ಇದಕ್ಕೆ ಯಾರು?’ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಈ ಪ್ರಶ್ನೆಯನ್ನೇ ಎದುರಿಟ್ಟುಕೊಂಡು ಹುಟ್ಟಿದುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಇದೆ. ಮಗು ವಯಸ್ಕನಾದ ಮೇಲೆ ತಾಯಿತಂದೆಯರು ತಾವಾಗಿಯೇ ಕಾನೂನಿನ ಪಾಲಕರಾಗಿ ಮುಂದುವರಿಯುವುದಿಲ್ಲವೆಂಬುದು ಅನೇಕರಿಗೆ ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗಲೇ ತಿಳಿಯುತ್ತದೆ. ಇದೇ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ಈ ನಾಲ್ಕು ಬಗೆಯವರಿಗೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಪ್ರಮಾಣಪತ್ರ, ಗುರುತಿನ ಚೀಟಿ, ವಿಮೆ, ಪಾಲಕತ್ವ, ಉಯಿಲು ಇವುಗಳನ್ನು ಮೈಯಲ್ಲಿ ಶಕ್ತಿಯಿರುವಾಗಲೇ ಒಂದೊಂದಾಗಿ ಮುಗಿಸಿಡುವುದು ಆರೈಕೆಯ ಅಂಗವೇ ಆಗಿದೆ.

ಸಜ್ಜನರೇ, ಸಮಾವೇಶಗಳ ನಿರ್ಣಯ, ಸರ್ಕಾರದ ಕಾಯಿದೆ ಇವೆಲ್ಲ ಇದ್ದರೂ ಒಂದು ಕುಟುಂಬಕ್ಕೆ ದಿನನಿತ್ಯ ಒದಗುವುದು ತನ್ನ ಸುತ್ತಲಿನ ಸಮಾಜವೇ. ಪರವೂರಿನಲ್ಲಿ ನೆಲೆಸಿದವರಿಗೆ ಶಾಖಾಮಠವು ತವರುಮನೆಯಂತೆ. ಆ ತವರಿಗೆ ಬರಲು ವಿಶೇಷ ಚೇತನ ಮಗುವಿನ ತಾಯಿ ಹಿಂಜರಿಯುವಂತಾಗಬಾರದು. ಗಾಲಿಕುರ್ಚಿ ಏರಲು ಒಂದು ಇಳಿಜಾರು ಹಲಗೆ ಸಾಕು. ಮಹಾಮಂಗಳಾರತಿಯ ವೇಳೆಯ ಜಾಗಟೆ, ಶಂಖಗಳ ನಾದ ಆಟಿಸಂ ಇರುವ ಕೆಲವು ಮಕ್ಕಳ ಕಿವಿಗೆ ನೋವಾಗುವಷ್ಟು ತೀಕ್ಷ್ಣವೆನಿಸುತ್ತದೆ. ಅಂತಹ ಮಗು ಕೂಗಿದರೆ ‘ಶಿಸ್ತಿಲ್ಲ’ ಎಂದು ತಿರುಗಿ ನೋಡದೆ, ದೂರದಿಂದ ದರ್ಶನ ಪಡೆಯಲು ಒಂದು ಶಾಂತವಾದ ಮೂಲೆಯನ್ನು ಬಿಟ್ಟುಕೊಟ್ಟರೆ ಸಾಕು. ಪಂಕ್ತಿಯಲ್ಲಿ ಚೆಲ್ಲಿ ಉಣ್ಣುವ ಮಗುವಿಗೆ ಅಂಚಿನ ಎಲೆ, ಅದರ ಪಕ್ಕದಲ್ಲಿ ತಾಯಿಗೆ ಇನ್ನೊಂದು ಎಲೆ. ಆ ತಾಯಿ ಎದ್ದೆದ್ದು ಓಡದೆ ಕುಳಿತು ಬಿಸಿ ಅನ್ನ ಉಣ್ಣುವಂತೆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವ ಇಬ್ಬರು ತರುಣರು ಸಿಕ್ಕರೆ ಅದಕ್ಕಿಂತ ಮಿಗಿಲಾದ ಸೇವೆಯಿಲ್ಲ. ನಿವೃತ್ತರಾದ ವೈದ್ಯರು, ಶಿಕ್ಷಕರು, ಬ್ಯಾಂಕು ಹಾಗೂ ಸರ್ಕಾರಿ ಕಚೇರಿಗಳಲ್ಲಿ ದುಡಿದವರು ಭಕ್ತವೃಂದದಲ್ಲಿ ಅನೇಕರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಕುಳಿತು ಅರ್ಜಿ ತುಂಬಲು, ತಪಾಸಣೆಗೆ ಕಳುಹಿಸಲು ನೆರವಾಗಬಹುದು. ಮಗುವಿನ ಚೌಲ, ಉಪನಯನಗಳನ್ನು ಹೇಗೆ ನಡೆಸಬೇಕೆಂಬ ಸಂಶಯ ಬಂದರೆ, ಅದನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಕೊರಗದೆ ವಿದ್ವಾಂಸರ ಬಳಿ ಕೇಳುವ ವಾತಾವರಣವೂ ಬೆಳೆಯಬೇಕು.

ಶೀಘ್ರ ನೆರವಿನಿಂದ ಎಲ್ಲ ಮಕ್ಕಳೂ ಎಲ್ಲರಂತಾಗುತ್ತಾರೆಂದು ಯಾರೂ ಭರವಸೆ ಕೊಡಲಾರರು. ಕೆಲವರು ನಡೆಯುತ್ತಾರೆ, ಕೆಲವರು ನಡೆಯುವುದಿಲ್ಲ; ಕೆಲವರು ಮಾತನಾಡುತ್ತಾರೆ, ಕೆಲವರು ಕಣ್ಣಿನಿಂದಲೇ ಹೇಳುತ್ತಾರೆ. ಪೂರ್ತಿ ಗುಣಪಡಿಸುತ್ತೇವೆಂದು ಹಣ ಕೀಳುವವರ ಬಗ್ಗೆ ಎಚ್ಚರವೂ ಇರಲಿ. ಆದರೆ ತನ್ನ ಕೈಯಿಂದ ತುತ್ತು ಬಾಯಿಗೆ ಇಡುವುದು, ಬೇಕು ಬೇಡಗಳನ್ನು ತಿಳಿಸುವುದು, ತನ್ನವರನ್ನು ಕಂಡು ನಗುವುದು ಇವು ಚಿಕ್ಕ ಗಳಿಕೆಗಳಲ್ಲ. ಮುಂದಿನ ಐವತ್ತು ವರ್ಷಗಳ ಬದುಕು ಇವುಗಳ ಮೇಲೆ ನಿಲ್ಲುತ್ತದೆ. ಜೋಮ್ಟಿಯನ್, ಸಲಮಾಂಕಾ, ತಾಷ್ಕೆಂಟ್‌ಗಳಲ್ಲಿ ಆಡಿದ ಮಾತು ಸಾರ್ಥಕವಾಗುವುದು ಒಂದು ಮನೆಯಲ್ಲಿ ಒಳಕೋಣೆಯ ಬಾಗಿಲು ತೆರೆದಾಗ. ಈ ಸಭೆಯಲ್ಲಿರುವ ಪ್ರತಿಯೊಬ್ಬರ ಪರಿಚಯದಲ್ಲಿಯೂ ಅಂತಹ ಒಂದು ಮನೆ ಇದ್ದೇ ಇರುತ್ತದೆ. ಬರುವ ಉತ್ಸವದ ಆಹ್ವಾನಪತ್ರಿಕೆಯನ್ನು ಆ ಮನೆಗೆ ಕೊಡುವಾಗ ‘ಮಗುವನ್ನೂ ತಪ್ಪದೆ ಕರೆತನ್ನಿ’ ಎಂಬ ಒಂದು ಮಾತನ್ನು ತಾವು ಸೇರಿಸಿ ಹೇಳಬೇಕೆಂದು ವಿನಮ್ರ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥